ಬರೋಡಾದಲ್ಲಿ ಹದಿನೈದು ನಿಮಿಷ

ಬರೋಡಾ ಸ್ಟೇಷನ್ನಿನಲ್ಲಿ ಯಾವ ಗಾಡಿ ಎಷ್ಟು ಹೊತ್ತು ನಿಲ್ಲುತ್ತದೆಂಬುದು ಗಿರಿಜಾಗೆ ಬಾಯಿಪಾಠವಾಗಿತ್ತು. ಗಂಡ ವೆಂಕಟಾಚಲನಿಗೆ ಅಲ್ಲೇ ಕೇಂದ್ರ ಸರಕಾರದ ಸಂಶೋಧನಾಲಯದಲ್ಲಿ ಕೆಲಸ. ಅಲ್ಕಾಪುರಿಯ ಮನೆ ಸ್ಟೇಷನ್ನಿಗೆ ಕೂಗಳತೆಯ ದೂರ. ಮೈಸೂರಿನವರು ಯಾರೇ ಆ ದಾರಿಯಲ್ಲಿ ಹಾಯ್ದರೂ ಮೊದಲೇ ಕಾರ್ಡು ಬರೆಯುತ್ತಿದ್ದರು, ಗಿರಿಜಾ ಬುತ್ತಿ ಹಿಡಿದು ಪ್ಲಾಟ್‌ಫಾರ್ಮಿನಲ್ಲಿ ನಿಂತಿರುತ್ತಿದ್ದಳು. ಮುಖಪರಿಚಯವಿಲ್ಲದವರೂ ಅವಳ ಮೊಸರನ್ನ ತಿಂದು, ಉಪ್ಪು ಒಂದು ಕಲ್ಲು ಹೆಚ್ಚೆಂದು ಹೇಳಿ ಹೋಗಿದ್ದುಂಟು.

1967ರ ಅಕ್ಟೋಬರಿನಲ್ಲಿ ತಮ್ಮ ಲಕ್ಷ್ಮೀನಾರಾಯಣನ ಕಾರ್ಡು ಬಂತು. ಅಕ್ಕ ಕಾಮಾಕ್ಷಿ ದ್ವಾರಕೆಯಿಂದ ವಾಪಸು ಬರುವಾಗ ಮಧ್ಯಾಹ್ನದ ಬೊಂಬಾಯಿ ಗಾಡಿಯ ಹೆಂಗಸರ ಡಬ್ಬಿಯಲ್ಲಿರುತ್ತಾಳೆ ಎಂದು ಬರೆದಿದ್ದ. ಗಿರಿಜಾ ಅದನ್ನು ಎರಡು ಸಲ ಓದಿದಳು. ನಾಲ್ಕು ವರ್ಷದ ಹಿಂದೆ ತಾಯಿ ತೀರಿಕೊಂಡಾಗ ಇಲ್ಲಿ ಮಗುವಿಗೆ ದಡಾರ ಎದ್ದಿತ್ತು. ಅದು ಇಳಿದ ಮೇಲೆ ಹೊರಟು, ಮೂರು ಕಡೆ ಗಾಡಿ ಬದಲಿಸಿ ಮೈಸೂರು ಸೇರುವಷ್ಟರಲ್ಲಿ ವೈಕುಂಠ ಸಮಾರಾಧನೆಯೂ ಮುಗಿದಿತ್ತು. "ಎಲ್ಲಾ ಆದ್ಮೇಲೆ ಬಂದ್ಯಾ, ಎಲೆ ಎತ್ತೋಕೆ?" ಎಂದಿದ್ದಳು ಕಾಮಾಕ್ಷಿ. ಆಮೇಲೆ ಮಾತೇ ಇಲ್ಲ.

"ಹೊಸ ಟೈಮ್‌ಟೇಬಲ್ ಬಂದಿದೆಯಂತೆ, ನೋಡ್ಕೋ," ಎಂದ ವೆಂಕಟಾಚಲ.

"ನಂಗೇ ಹೇಳ್ತೀರಾ? ಆ ಗಾಡಿ ಎಂಜಿನ್ ಹದಿನೈದು ನಿಮಿಷ ನೀರು ಕುಡಿಯತ್ತೆ," ಎಂದು ಹುಳಿಯನ್ನ ಕಟ್ಟಿಕೊಂಡು ಹೊರಟಳು.

ತಂಗಿಯನ್ನು ಕಂಡ ಕಾಮಾಕ್ಷಿ ಆಚೆ ಕಿಟಕಿಗೆ ಮುಖ ತಿರುಗಿಸಿದಳು. ಗಿರಿಜಾ ಡಬ್ಬಿ ಹತ್ತಿದಳು. "ಅಕ್ಕಾ, ಹುಳಿಯನ್ನ ತಂದಿದೀನಿ."

"ಅಲ್ಲಿಟ್ಟು ಇಳೀಬೇಕಂತೆ ಅಂತ ಹೇಳಿ, ಶಕುಂತಲಮ್ಮ," ಎಂದಳು ಕಾಮಾಕ್ಷಿ, ಪಕ್ಕದಲ್ಲಿದ್ದ ಯಾತ್ರೆಯ ಜೊತೆಗಾತಿಗೆ. ಆಕೆ ಅಕ್ಷರ ಬಿಡದೆ ಹೇಳಿದರು. ಗಿರಿಜಾ ಇಳಿಯಲಿಲ್ಲ, ಎಲೆ ಹಾಸಿ ಬಡಿಸತೊಡಗಿದಳು. ಗಾಡಿ ಅಲುಗಿತು.

"ಗಾಬರಿಯಾಗ್ಬೇಡಿ," ಎಂದಳು ಡಬ್ಬಿಗೆಲ್ಲ ಕೇಳುವಂತೆ. "ನೀರಿನ ಕಂಬದ ತನಕ ಎಳೀತಾರೆ ಅಷ್ಟೆ."

ನೀರಿನ ಕಂಬ ಹಿಂದೆ ಹೋಯಿತು. ವಿಶ್ವಾಮಿತ್ರಿ ಹೊಳೆಯೂ ಹಿಂದೆ ಹೋಯಿತು. ಆ ತಿಂಗಳಿನಿಂದ ಗಾಡಿಗೆ ಡೀಸೆಲ್ ಎಂಜಿನ್ ಹಾಕಿ, ನಿಲ್ಲುವ ಹೊತ್ತನ್ನು ಐದು ನಿಮಿಷಕ್ಕೆ ಇಳಿಸಿದ್ದರು. ರೈಲ್ವೆಯವರು ಗಿರಿಜಾಳನ್ನು ಒಂದು ಮಾತು ಕೇಳಿರಲಿಲ್ಲ.

ಸ್ವಲ್ಪ ಹೊತ್ತಿಗೆ ಬಂದ ಟಿ.ಸಿ.ಯ ಕೈಗೆ ಅವಳು ಪ್ಲಾಟ್‌ಫಾರ್ಮ್ ಟಿಕೆಟ್ಟು ಕೊಟ್ಟಳು. ಆತ ಅದನ್ನು ಎರಡು ಮಗ್ಗುಲೂ ನೋಡಿ, "ಯೇ ಔರತ್ ಕೌನ್ ಹೈ? ಕಿಸ್‌ಕೇ ಸಾಥ್ ಹೈ?" ಎಂದು ಎಲ್ಲರನ್ನೂ ಕೇಳಿದ. ಶಕುಂತಲಮ್ಮ ಕಾಮಾಕ್ಷಿಯ ಮುಖ ನೋಡಿದರು. ಗಿರಿಜಾ ನಾಚಿಕೆಯಿಂದ ಹಿಡಿಯಷ್ಟಾಗಿ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು.

"ನನ್ನ ತಂಗಿ," ಎಂದಳು ಕಾಮಾಕ್ಷಿ, ಅಚ್ಚ ಮೈಸೂರು ಕನ್ನಡದಲ್ಲಿ. "ಇಳಿಸೋದಾದ್ರೆ ನನ್ನನ್ನೂ ಇಳ್ಸಿ."

ಆತನಿಗೆ ಒಂದಕ್ಷರವೂ ತಿಳಿಯಲಿಲ್ಲ. ಭರೂಚಿನಲ್ಲಿ ಇಳಿದು ಹಿಂದಿರುಗುವಂತೆ ಗಿರಿಜಾಗೆ ಹೇಳಿ ಮುಂದೆ ಹೋದ. ಭರೂಚಿಗೆ ಇನ್ನೂ ಒಂದು ಗಂಟೆಯ ದಾರಿಯಿತ್ತು. ಕಾಮಾಕ್ಷಿ ಸರಿದು ಜಾಗ ಮಾಡಿದಳು. ಎರಡು ತುತ್ತು ಉಂಡಳು. ಮೂರನೆಯದನ್ನು ಎಲೆಯಲ್ಲೇ ಇಟ್ಟಳು.

"ಅಮ್ಮ ಕೊನೇಲಿ ನನ್ನ ಗುರುತೇ ಹಿಡೀಲಿಲ್ಲ ಕಣೇ," ಎಂದಳು. "ನನ್ನೇ ಗಿರಿಜಾ ಗಿರಿಜಾ ಅಂತ ಕರೀತಿದ್ಲು. ನಾನೂ ಓಗೊಟ್ಟೆ."