ಕಾಲ ಕೆಳಗ ಇಡಬ್ಯಾಡ್ರಿ

ನಮ್ಮ ರವಿವಾರದ ಸೈಕಲ್ ಬಳಗದ ಮುಂದಾಳು ಎಂದೂ ಹೊರಳಿ ನೋಡಿದವರಲ್ಲ. ಸವಣೂರು ಬಿಟ್ಟರೆ ಹಾನಗಲ್ ಮುಟ್ಟುವವರೆಗೂ ಅವರ ಕಣ್ಣು ಹ್ಯಾಂಡಲ್‌ಗೆ ಸಿಕ್ಕಿಸಿದ ಮೊಬೈಲಿನ ಮೇಲೆಯೇ. ಗುಡ್ಡದ ಏರು ಬಂತೆಂದರೆ ಒಂದು ಕೈ ಎತ್ತಿ, "ಕಾಲ ಕೆಳಗ ಇಡಬ್ಯಾಡ್ರಿ!" ಎಂದು ಕೂಗುವರು. ನಮಗೆ ನೀರಡಿಸಿದರೂ ಅದೇ ಮಾತು. ಹೊಸ ದಾರಿ ಹುಡುಕಿ, ಅದರ ನಕ್ಷೆ ಮತ್ತು ಫೋಟೋ ಇಂಟರ್ನೆಟ್ಟಿಗೆ ಹಾಕುವ ಹುಚ್ಚು ಅವರಿಗೆ.

ಸೀಗಿ ಹುಣ್ಣಿಮೆಗೆ ನಮ್ಮ ಕಡೆ ಹೊಲದಲ್ಲಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ದಾರಿಯಲ್ಲಿ ಹೋಗುವವರನ್ನು ಕರೆದು ಉಣ್ಣಿಸುತ್ತಾರೆ. ಅಂದು ಅಕ್ಕಿಆಲೂರು ದಾಟಿದ ಮೇಲೆ ಒಬ್ಬ ಮುದುಕಿ ಬದುವಿನಿಂದ ಓಡಿಬಂದು, ಎಳ್ಳು ಹಚ್ಚಿದ ಸಜ್ಜಿರೊಟ್ಟಿ ಮುಂದೆ ಹಿಡಿದಳು.

"ಉಂಡ ಹೋಗ್ರೆಪಾ, ಇವತ್ತ ಹಂಗ ಹೋಗಬಾರದು."

ಮುಂದಾಳು ಕಾಲು ಕೆಳಗಿಟ್ಟರು. ನನಗೆ ಹಿಗ್ಗಾಯಿತು.

"ಯವ್ವಾ, ರೊಟ್ಟಿ ಸ್ವಲ್ಪ ಮ್ಯಾಲ ಹಿಡಿಬೇ," ಎಂದರು. ಫೋಟೋ ತೆಗೆದು ಪೆಡಲ್ ತುಳಿದರು.

"ತಿನ್ನಂಗಿಲ್ಲೇನೋ ಯಪ್ಪಾ?" ಎಂದು ಮುದುಕಿ ಕೂಗುವಷ್ಟರಲ್ಲಿ ಅವರು ಇಳಿಜಾರಿನಲ್ಲಿದ್ದರು. ಚಾಚಿದ ಅವಳ ಕೈಯಿಂದ ರೊಟ್ಟಿ ತೆಗೆದುಕೊಂಡವನು ಹಿಂದೆ ಬಂದ ನಾನು.

ಈಗ ಆ ದಾರಿ ಹುಡುಕಿಕೊಂಡು ಬೇರೆ ಊರಿನವರೂ ಬರುತ್ತಾರೆ. ನಕ್ಷೆಯ ಜೊತೆಗೇ ಮುದುಕಿಯ ಫೋಟೋ ಇದೆ. ಅದರ ಕೆಳಗೆ ನಮ್ಮ ಮುಂದಾಳು ಬರೆದಿದ್ದಾರೆ: "ಈ ಅವ್ವನ ರೊಟ್ಟಿಯ ರುಚಿ ಎಂದೂ ಮರೆಯಲಾರೆ."