ಸೋಲಾರ್ ಪ್ಲೇಟಿಗೆ ಬಳಿದ ವಿಭೂತಿ

ನನ್ನ ಮೊಮ್ಮಗಳಿಗೆ ಸೋಲಾರ್ ಕರೆಂಟಿನ ಮೀಟರು ನೋಡುವುದೆಂದರೆ, ನನಗೆ ಅವಳನ್ನು ನೋಡುವಷ್ಟೇ ಸುಖ. ಕಾಲೇಜಿಗೆ ಹೊರಡುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ನೋಡಿ ನೋಟುಬುಕ್ಕಿನಲ್ಲಿ ಬರೆಯುತ್ತಾಳೆ. ಆ ಹುಡುಗಿಯ ಬಗ್ಗೆ ಹೇಳಲು ಹೊರಟರೆ ನನಗೆ ನಿಲ್ಲಿಸಲು ಬರುವುದಿಲ್ಲ. ಇರಲಿ.

ರಾಯದುರ್ಗದ ನಮ್ಮ ಮನೆಯ ಕೆಳಗಡೆ ಸೊಸೆ ಜೀನ್ಸ್ ಹೊಲಿಸುತ್ತಾಳೆ. ಹನ್ನೆರಡು ಮಿಷನ್ನು, ಎರಡು ಹಬೆ ಇಸ್ತ್ರಿ. ಒಂದು ದೊಡ್ಡ ಕಂಪನಿ ಬಟ್ಟೆ ಕತ್ತರಿಸಿ ಕಳಿಸುತ್ತದೆ, ನಾವು ಹೊಲಿದು ಕೊಡುತ್ತೇವೆ. ಮೂರನೇ ಕ್ಲಾಸು ಓದಿದ ನನಗೆ ದಾರ ಕತ್ತರಿಸುವ ಕೆಲಸ.

ಹೋದ ವರ್ಷ ಕಂಪನಿಯವರು ಬಂದರು. ಅವರ ಕಾರ್ಖಾನೆಗಳೆಲ್ಲ ಬಿಸಿಲು, ಗಾಳಿಯ ಕರೆಂಟಿಗೆ ತಿರುಗಿವೆಯಂತೆ. ಇನ್ನು ಅವರಿಗೆ ಹೊಲಿದು ಕೊಡುವ ನಾವೂ ತಿರುಗಬೇಕು. ಮಾಳಿಗೆಯ ಮೇಲೆ ಎಂಟು ಸೋಲಾರ್ ಪ್ಲೇಟು ಅವರೇ ಹಾಕಿಸಿದರು. ಮೂರು ತಿಂಗಳು ನಾವು ಸುಡುವ ಕರೆಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಬಿಸಿಲಿನದೇ ಆದರೆ ಕಂಪನಿಯ ಪಟ್ಟಿಯಲ್ಲಿ ಉಳಿಯುತ್ತೇವೆ. ಇಲ್ಲವಾದರೆ ಬಟ್ಟೆ ಬೇರೆ ಊರಿಗೆ ಹೋಗುತ್ತದೆ, ಕೆಲಸಕ್ಕೆ ಬರುವ ಹನ್ನೆರಡು ಹೆಂಗಸರೂ ಮನೆಗೆ.

ಮೊದಲ ತಿಂಗಳು ಸರಿಯಾಗಿಯೇ ಹೋಯಿತು. ಎರಡನೆಯ ತಿಂಗಳು ಆಯುಧಪೂಜೆ ಬಂತು. ಕತ್ತರಿ, ಮಿಷನ್ನು, ಇಸ್ತ್ರಿ, ಎಲ್ಲಕ್ಕೂ ಪ್ರತಿವರ್ಷ ವಿಭೂತಿ ಬಳಿಯುವವಳು ನಾನೇ. ಅನ್ನ ಕೊಡುವ ಪ್ಲೇಟುಗಳನ್ನು ಬಿಡುವುದುಂಟೇ? ಒಬ್ಬಳೇ ಮಾಳಿಗೆ ಹತ್ತಿ, ಒಂದೊಂದಕ್ಕೂ ಈ ಅಂಚಿನಿಂದ ಆ ಅಂಚಿಗೆ ದಪ್ಪನೆ ಮೂರು ಪಟ್ಟೆ ಎಳೆದು, ಎಣ್ಣೆಯಲ್ಲಿ ಕಲಸಿದ ಕುಂಕುಮ ಇಟ್ಟು ಬಂದೆ.

ಮರುದಿನದಿಂದ ಮೀಟರಿನ ಅಂಕಿ ಇಳಿದುಹೋಯಿತು. ಮೋಡ ಇರಬೇಕು ಎಂದಳು ಸೊಸೆ. ಆಕಾಶದಲ್ಲಿ ಒಂದು ಚೂರೂ ಇರಲಿಲ್ಲ. ಐದನೇ ದಿನ ಮೊಮ್ಮಗಳು ಮಾಳಿಗೆಗೆ ಹೋದವಳು ಮೇಲಿನಿಂದಲೇ ಕೂಗಿದಳು:

"ಅಜ್ಜೀ, ಮ್ಯಾಲೆ ಬಾ ಸ್ವಲ್ಪ."

ಹೋದೆ.

"ಯಾಕ ಹಿಂಗ ಮಾಡೀದಿ? ಬಿಸಿಲು ಒಳಗ ಹೋಗಾಕ ಜಾಗ ಎಲ್ಲೈತಿ?"

"ದೇವರಿಗೆ ಇಟ್ಟಿದ್ದು, ಅಡ್ಡ ಆಗ್ತೈತಾ?"

"ದೇವರಿಗೆ ಇಟ್ಟೀ, ಸೂರ್ಯಗ ಕಣ್ಣು ಮುಚ್ಚೀ."

ಅವಳು ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಹನ್ನೆರಡು ಮನೆಯ ಒಲೆ ಕಣ್ಣ ಮುಂದೆ ಬಂತು. ಕೆಡಿಸಿದವಳು ನಾನು, ಸರಿಮಾಡುವವಳೂ ನಾನೇ ಎಂದುಕೊಂಡೆ. ಅಂದೇ ಸೀಗೆಪುಡಿ ನೀರಿನಲ್ಲಿ ಮೆತ್ತನೆಯ ಬಟ್ಟೆ ಅದ್ದಿ ಎಂಟೂ ಪ್ಲೇಟು ಒರೆಸಿದೆ. ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ಹೊತ್ತು ಮೂಡುವ ಮುಂಚೆ ಮಂಡಿ ಹಿಡಿದುಕೊಂಡು ಹತ್ತುತ್ತಿದ್ದೆ.

ಕಳೆದ ಐದು ದಿನ ವಾಪಸು ಬರುವಂತಿರಲಿಲ್ಲ. ಬಿಸಿಲಿದ್ದಾಗ ಬಳಸಿದ್ದಷ್ಟೇ ಬಿಸಿಲಿನ ಲೆಕ್ಕಕ್ಕೆ ಸೇರುತ್ತದೆ ಎಂದು ಮೊಮ್ಮಗಳು ಹೇಳಿದ ಮೇಲೆ ಇಸ್ತ್ರಿಯ ಹೊತ್ತು ಬದಲಿಸಿದೆ. ಇಸ್ತ್ರಿಯೇ ಎಲ್ಲಕ್ಕಿಂತ ಹೆಚ್ಚು ಕರೆಂಟು ತಿನ್ನುವುದು. ಮೊದಲು ಸಂಜೆ ಹಚ್ಚುತ್ತಿದ್ದರು. ಇನ್ನು ನೆತ್ತಿಯ ಮೇಲೆ ಬಿಸಿಲಿದ್ದಾಗ ಮಾತ್ರ, ಊಟಕ್ಕೆ ಒಬ್ಬೊಬ್ಬರಾಗಿ ಎದ್ದು ಹೋಗಬೇಕು ಎಂದೆ.

"ನಿಮ್ಮ ಸೂರ್ಯಪ್ಪ ಒಟ್ಟಿಗೆ ಕೂತು ಉಣ್ಣಾಕೂ ಬಿಡಾಂಗಿಲ್ಲೇನ್ರಿ ಅಜ್ಜಿ?" ಎಂದಳು ಗುಮ್ಮಘಟ್ಟದಿಂದ ಆಟೋದಲ್ಲಿ ಬರುವ ಇಸ್ತ್ರಿಯಾಕೆ.

"ಪಟ್ಟಿಯೊಳಗ ಉಳಿದ ಮ್ಯಾಲೆ ಒಟ್ಟಿಗೆ ಕೂಡಿಸಿ ಹೋಳಿಗೆ ಹಾಕ್ತೀನಿ. ಈಗ ಇಸ್ತ್ರಿ ಹಿಡಿ."

ಮೂರು ತಿಂಗಳು ಮುಗಿದ ಮೇಲೆ ಕಂಪನಿಯ ಹೆಣ್ಣುಮಗಳೊಬ್ಬಳು ನೋಟುಬುಕ್ಕು ನೋಡಲು ಬಂದಳು. ಆ ಐದು ದಿನಗಳ ಸಾಲಿನ ಮೇಲೆ ಬೆರಳಿಟ್ಟು ನಿಂತಳು. ನಾನು ಮುಂದೆ ಬಂದೆ.

"ನಾನ್ರಿ," ಎಂದೆ. "ವಿಭೂತಿ ಹಚ್ಚಿದ್ದೆ."

ಅವಳು ನಕ್ಕಳು. ಮತ್ತೆ ಲೆಕ್ಕ ಕೂಡಿಸಿದಳು. ಅರ್ಧವನ್ನು ದಾಟಿತ್ತು, ಸ್ವಲ್ಪವೇ ದಾಟಿತ್ತು. ಪಟ್ಟಿಯಲ್ಲಿ ಉಳಿದೆವು. ಅವಳು ತಂದ ಕಾಗದದಲ್ಲಿ ಪ್ಲೇಟು ನೋಡಿಕೊಳ್ಳುವವರು ಯಾರು ಎಂಬ ಕಡೆ ಮೊಮ್ಮಗಳು ನನ್ನ ಹೆಸರು ಬರೆದು ಪೆನ್ನು ಕೊಟ್ಟಳು. ನಿಧಾನವಾಗಿ ಸಹಿ ಮಾಡಿದೆ, ಒಂದಕ್ಷರವೂ ಬಿಡಲಿಲ್ಲ.

ಮಾರನೆಯ ದಿನ ಇಸ್ತ್ರಿ ಆರಿದ ಮೇಲೆ ಹನ್ನೆರಡು ಹೆಂಗಸರನ್ನೂ ಒಂದೇ ಸಾಲಿನಲ್ಲಿ ಕೂಡಿಸಿ ಹೋಳಿಗೆ ಬಡಿಸಿದೆ. ಈ ವರ್ಷದ ಆಯುಧಪೂಜೆಗೆ ವಿಭೂತಿ ಪ್ಲೇಟಿನ ಕೆಳಗಿರುವ ಕಬ್ಬಿಣದ ಕಾಲಿಗೆ. ಆ ಜಾಗ ತೋರಿಸಿದವಳೂ ನನ್ನ ಮೊಮ್ಮಗಳೇ.