ಅಪ್ಪನ ಕಂಬಳಿಯಲ್ಲಿ ತಮ್ಮ

ನಾನು ಚಿಕ್ಕವಳಿದ್ದಾಗ ನಮ್ಮೂರಿನ ಗಂಡಸರಿಗೆ ಒಂದು ವಿಚಿತ್ರ ನಾಚಿಕೆ ಇತ್ತು. ಆಗ ತಾನೇ ಹುಟ್ಟಿದ ಕುರಿಮರಿಯನ್ನು ಎದೆಗವುಚಿಕೊಂಡು ಊರೆಲ್ಲ ತಿರುಗುತ್ತಿದ್ದರು. ಆದರೆ ಹಿರಿಯರ ಎದುರಿಗೆ ಸ್ವಂತ ಮಗುವನ್ನು ಎತ್ತಿಕೊಳ್ಳುವಂತಿರಲಿಲ್ಲ. ಎತ್ತಿಕೊಂಡರೆ ಮರ್ಯಾದೆ ಹೋಗುತ್ತದಂತೆ. ಈಗ ನೆನೆದರೂ ನನಗೆ ಸಿಟ್ಟು ಬರುತ್ತದೆ ಮಕ್ಕಳೇ.

ಭರಮಸಾಗರದ ಕಡೆ ನಮ್ಮ ಹಳ್ಳಿ. ಅಪ್ಪ ಕುರಿ ಹೊಡೆದುಕೊಂಡು ದೂರದ ಸೀಮೆಗೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಆ ವರ್ಷ ಅಪ್ಪ ಹೊರಟಾಗ ತಮ್ಮ ಇನ್ನೂ ಹಸುಗೂಸು. ಅವ್ವ, ಅಕ್ಕ ಕಳೆ ತೆಗೆಯಲು ಹೊಲಕ್ಕೆ ಹೋದರೆ ನಾನು ಶಾಲೆಗೆ ಹೋಗುತ್ತಿದ್ದೆ. ತಮ್ಮ ಹಗಲೆಲ್ಲ ತೊಟ್ಟಿಲಲ್ಲೇ. ಅತ್ತರೆ ಅಳಲಿ, ಎತ್ತಿಕೊಂಡು ಅಭ್ಯಾಸ ಮಾಡಿಸಬೇಡಿ ಎಂದು ಅಜ್ಜ ಕಟ್ಟಪ್ಪಣೆ ಮಾಡಿದ್ದ. ಮೊದಮೊದಲು ತಮ್ಮ ಊರಿಗೇ ಕೇಳುವಂತೆ ಅಳುತ್ತಿದ್ದ. ಆಮೇಲೆ ಅಳುವುದನ್ನೇ ಬಿಟ್ಟ. ಎಂಥ ಜಾಣ ಕೂಸು ಎಂದು ಎಲ್ಲರೂ ಹೊಗಳಿದರು. ನಾನೂ ಹೊಗಳಿದೆ.

ಒಂದು ಬೆಳಿಗ್ಗೆ ಅಪ್ಪ ಮರಳಿ ಬಂದ. ಮೈಯೆಲ್ಲ ಕುರಿಯ ವಾಸನೆ, ಕಂಬಳಿಯ ತುಂಬ ಹುಲ್ಲಿನ ಮುಳ್ಳು. ಕಾಲು ತೊಳೆದು ತೊಟ್ಟಿಲ ಹತ್ತಿರ ಬಗ್ಗಿ ತಮ್ಮನನ್ನು ಕರೆದ. ಚಿಟಿಕೆ ಹೊಡೆದ. ತಮ್ಮ ಒಮ್ಮೆ ಕಣ್ಣು ಹೊರಳಿಸಿ, ಮತ್ತೆ ಸೂರಿನ ತೊಲೆಯನ್ನೇ ನೋಡುತ್ತ ಮಲಗಿದ. ನಗು ಇಲ್ಲ, ಸದ್ದಿಲ್ಲ. ಅಪ್ಪನ ಮುಖ ಬಿಳಿಚಿಕೊಂಡಿತು. ಅರಚುವುದನ್ನು ಬಿಟ್ಟ ಮರಿಯನ್ನು ಕುರಿ ಕಾಯುವವರು ಒಂದು ಗಳಿಗೆಯೂ ಕೆಳಗಿಡುವುದಿಲ್ಲ, ಮೈಗೆ ಅಂಟಿಸಿಕೊಂಡೇ ತಿರುಗುತ್ತಾರೆ. ಅಪ್ಪ ತಮ್ಮನನ್ನು ಎತ್ತಿ, ಕಂಬಳಿಯಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡು ಹೊರಗೆ ಬಂದ.

ಜಗಲಿಯ ಮೇಲೆ ಅಜ್ಜ ನಾಲ್ಕು ಜನ ಹಿರಿಯರ ಜೊತೆ ಕುಳಿತಿದ್ದ.

"ಲೇ, ಇಳಿಸು ಕೂಸನ್ನ. ನನ್ನ ಎದುರಿಗೇ ಎತ್ಕಂಡು ಹೊಂಟೀಯಲ್ಲ, ನಾಚ್ಕೆ ಆಗಲ್ವಾ ನಿಂಗೆ?"

ಅಪ್ಪ ಅದುವರೆಗೆ ಅಜ್ಜನಿಗೆ ಒಂದು ದಿನವೂ ಎದುರಾಡಿದವನಲ್ಲ. ಅವತ್ತು ಕಂಬಳಿಯ ಗಂಟನ್ನು ಇನ್ನಷ್ಟು ಬಿಗಿ ಮಾಡಿಕೊಂಡ.

"ಕುರಿಮರಿ ಎತ್ಕಂಡಾಗ ನಾಚ್ಕೆ ಆಗ್ಲಿಲ್ಲಪ್ಪ. ಇದು ನನ್ನ ಮರಿ ಐತೆ. ಇಳಿಸಲ್ಲ."

ಕುರಿಗಳ ಹಿಂದೆ ಊರ ನಡುವೆಯೇ ನಡೆದ. ಗಂಡಸರು ನಕ್ಕರು, ಒಬ್ಬ ಸೀರೆ ಬೇಕೇ ಎಂದೂ ಕೇಳಿದ. ನಾನು ಶಾಲೆಯ ಚೀಲ ಎಸೆದು ಅಪ್ಪನ ಹಿಂದೆ ಓಡಿದೆ. ಅಪ್ಪ ದಾರಿಯುದ್ದಕ್ಕೂ ತಮ್ಮನ ಜೊತೆ ಮಾತಾಡಿದ. ಇದು ಜಾಲಿ, ಇದು ನಮ್ಮ ಟಗರು, ಇದು ಕೆರೆ ಎಂದು ತೋರಿಸಿದ. ತಮ್ಮ ಗಪ್‌ಚುಪ್. ಹೊತ್ತು ಇಳಿಯುವಾಗ ಕೆರೆ ಏರಿಯ ಮೇಲೆ ನಿಂತು ಅಪ್ಪ "ಬುರ್ರ್" ಎಂದು ತುಟಿ ಅದುರಿಸಿ ಕುರಿಗಳನ್ನು ಕರೆದ. ತಮ್ಮ ಅಪ್ಪನ ತುಟಿಯನ್ನೇ ನೋಡಿದ. ಅಪ್ಪ ಇನ್ನೊಮ್ಮೆ ಅಂದು, ಅವನ ಮುಖ ನೋಡುತ್ತ ಕಾದ. ತಮ್ಮನ ತುಟಿಯ ಮೇಲೆ ಜೊಲ್ಲಿನ ಗುಳ್ಳೆಯೊಂದು ಮೂಡಿ ಒಡೆಯಿತು. ಮೂರನೆಯ ಸಲಕ್ಕೆ ಸಣ್ಣದೊಂದು "ಬುರ್ರ್" ಬಂತು. ಅಪ್ಪ ಅಲ್ಲೇ ಕುಸಿದು ಕುಳಿತು ಅತ್ತುಬಿಟ್ಟ.

ಅಜ್ಜ ಒಪ್ಪಲಿಲ್ಲ, ಎಷ್ಟೋ ದಿನ ಅಪ್ಪನ ಜೊತೆ ಮಾತು ಬಿಟ್ಟಿದ್ದ. ಅಪ್ಪನೂ ಬಗ್ಗಲಿಲ್ಲ. ದಿನಾ ಅದೇ ಜಗಲಿಯ ಮುಂದೆ ತಮ್ಮನನ್ನು ಹೊತ್ತು ನಡೆದ. ಆ ತಮ್ಮನೇ ಈಗ ಫೋನ್ ಮಾಡಿದರೆ ಇಡಲು ಬಿಡದ ನಿಮ್ಮ ಸಣ್ಣಜ್ಜ.

ನಿಮ್ಮ ಪುಟ್ಟ ತಂಗಿಗೆ ಬಣ್ಣದ ತೊಟ್ಟಿಲಿದೆ, ಹಾಡುವ ಫೋನಿದೆ. ಆದರೆ ಅವಳು ಬುರ್ರ್ ಎಂದರೆ ಆ ಫೋನು ತಿರುಗಿ ಬುರ್ರ್ ಎನ್ನುವುದಿಲ್ಲ. ನಿಮ್ಮಪ್ಪ ಅನ್ನುತ್ತಾನೆ. ಅವಳನ್ನು ಎದೆಯ ಚೀಲದಲ್ಲಿ ಕೂರಿಸಿಕೊಂಡೇ ಹೊಳಲ್ಕೆರೆ ಬಸ್ಸು ಹತ್ತುತ್ತಾನೆ. ಮೊನ್ನೆ ಬಸ್ಸಿನಲ್ಲಿ ಹಿರಿಯರೊಬ್ಬರು, ಗಂಡಸಿಗೆ ಇದೆಲ್ಲ ಯಾಕೆ ಎಂದು ನಕ್ಕರು. ನಿಮ್ಮಪ್ಪ ಮುಖ ಸಣ್ಣ ಮಾಡಿಕೊಂಡು ಅವಳನ್ನು ಇಳಿಸಲು ಚೀಲದ ಪಟ್ಟಿಗೆ ಕೈ ಹಾಕಿದ. ನಾನು ಅವನ ಕೈ ಹಿಡಿದು, ಆ ಹಿರಿಯರಿಗೂ ಕೇಳುವಂತೆ ಹೇಳಿದೆ:

"ಇಳಿಸಬ್ಯಾಡಲೇ. ನಮ್ಮಪ್ಪ ಇಳಿಸಿರ್ಲಿಲ್ಲ."